ಒಪ್ಪಿಗೆಯ ಪಾಠ ಮೊದಲು ಸ್ಟಾಫ್ ರೂಮಿಗೆ ಬೇಕು

ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ತಲಪಾಡಿ ದಾಟಿ ಮಂಗಳೂರಿನ ಕಾಲೇಜುಗಳಿಗೆ ದಿನಾ ಹೋಗುವ ಹೆಣ್ಮಕ್ಕಳಿದ್ದಾರೆ. ಕಾಲೇಜಿನ ಗೋಡೆಯಲ್ಲಿ ಆಂತರಿಕ ದೂರು ಸಮಿತಿಯ ಹೆಸರುಗಳೂ ಇರುತ್ತವೆ, ಅಂಗಡಿಯಲ್ಲಿ ಲೈಸೆನ್ಸ್ ತೂಗುಹಾಕಿದ ಹಾಗೆ. ಓದುವವರು ಯಾರು?

ಯುಜಿಸಿಯ 2015ರ ನಿಯಮಾವಳಿ ಕೇಳುವುದು ಬರೀ ಪಟ್ಟಿಯನ್ನಲ್ಲ. ಲೈಂಗಿಕ ಕಿರುಕುಳದ ಬಗ್ಗೆ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ತರಬೇತಿ ಕೊಡಬೇಕು ಅನ್ನುತ್ತದೆ. ವರ್ಷಕ್ಕೊಂದು ಭಾಷಣ ಮಾಡಿಸಿ ಫೋಟೊ ತೆಗೆದರೆ ಅದು ಮುಗಿಯುವುದಿಲ್ಲ. ಒಪ್ಪಿಗೆ ಅಂದರೇನು ಎಂಬುದನ್ನೇ ಬಿಡಿಸಿ ಹೇಳಬೇಕು. ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಪ್ರಕಾರ ಒಪ್ಪಿಗೆ ಸ್ಪಷ್ಟವಾಗಿರಬೇಕು, ಸ್ವಂತ ಇಚ್ಛೆಯಿಂದ ಬರಬೇಕು. ಮೈಮೇಲೆ ಬಿದ್ದಾಗ ಎದುರಿಸಿ ಹೋರಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದಳು ಎಂದಾಗದು. ಅಂಕ, ಹಾಜರಿ ಎರಡೂ ಮೇಷ್ಟ್ರ ಕೈಯಲ್ಲಿರುವಾಗ ಹುಡುಗಿ ಸುಮ್ಮನಾಗುವುದು ಹೆದರಿಕೆಯಿಂದಲೂ ಇರಬಹುದಲ್ಲ?

ಹುಡುಗರಿಗೂ ಗೊತ್ತಿರಬೇಕು: 18 ತುಂಬದವರು 'ಹೂಂ' ಅಂದರೂ ಪೋಕ್ಸೋ ಕಾಯ್ದೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಈ ಅರಿವನ್ನು ಶಾಲಾ ಪಠ್ಯದಲ್ಲೇ ಸೇರಿಸಲು ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ.

ಇನ್ನು ಮನೆಯ ವಿಷಯ. ಘಟನೆ ನಡೆದ 3 ತಿಂಗಳೊಳಗೆ ಸಮಿತಿಗೆ ಬರಹದಲ್ಲಿ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಅಷ್ಟರಲ್ಲಿ ಹುಡುಗಿ ಉಮ್ಮನ ಹತ್ರವಾದರೂ ಬಾಯಿ ಬಿಡಬೇಕು. "ಹೇಳಿದ್ರೆ ಕಾಲೇಜೇ ಬಿಡಿಸ್ತಾರೆ" ಅಂತ ಹೆದರಿ ಕೂತರೆ ಗಡುವು ದಾಟುತ್ತದೆ. ಹೇಳಿದ ಮೇಲೆ ನಿಜಕ್ಕೂ ಬಿಡಿಸಿದರೆ ಓದು ಹೋಗುವುದು ಅವಳದ್ದು, ಕೆಲಸ ಉಳಿಯುವುದು ಅವನದ್ದು.

ಪೋಷಕರ ಸಭೆಯಲ್ಲಿ ಫೀಸಿನ ಲೆಕ್ಕದ ಜೊತೆಗೆ ಇದನ್ನೂ ಕೇಳಬಹುದು: ಸಿಬ್ಬಂದಿಗೆ ಈ ತರಬೇತಿ ಯಾವತ್ತು ಆಯ್ತು, ಯಾರ್ಯಾರು ಬಂದಿದ್ರು?