ಕಾರ್ಯಪ್ಪನವರು ಆಸ್ಟ್ರೇಲಿಯಾದಲ್ಲಿ ಸುಮ್ಮನಿರಲಿಲ್ಲ

ನಮ್ಮ ಹಡರ್ಸ್‌ಫೀಲ್ಡ್‌ನಿಂದ ಬಸ್ ಹತ್ತಿ ಹ್ಯಾಲಿಫ್ಯಾಕ್ಸ್‌ನ ಬ್ಯಾಂಕ್‌ಫೀಲ್ಡ್ ಮ್ಯೂಸಿಯಂ ನೋಡಿ ಬಂದವರು ಸಂಘದಲ್ಲಿ ಎಷ್ಟು ಜನ ಇದ್ದೀರಿ? ಹೋಗಿಲ್ಲ ಅಂದ್ರೆ ಒಂದು ಶನಿವಾರ ಹೋಗಿ ಬನ್ನಿ. ಈ ಭಾಗದ ಡ್ಯೂಕ್ ಆಫ್ ವೆಲಿಂಗ್ಟನ್ ರೆಜಿಮೆಂಟ್‌ನ ಇತಿಹಾಸ ಅಲ್ಲಿದೆ. ಅದರ ಹಳೆಯ ರೂಪವಾದ 33ನೇ ರೆಜಿಮೆಂಟ್ 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಯುದ್ಧದಲ್ಲಿತ್ತು. ಅದರ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ 1814ರಲ್ಲಿ ಪ್ಯಾರಿಸ್‌ಗೆ ಬ್ರಿಟನ್ನಿನ ರಾಯಭಾರಿಯಾಗಿ ಹೋದ.

ಸೇನಾಪತಿ ರಾಯಭಾರಿಯಾದ ಕಥೆ ನಮ್ಮಲ್ಲೂ ಇದೆ. ನನಗೆ ಅದೇ ಹೆಚ್ಚು ಮುಖ್ಯ.

ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಕೋದಂಡೇರ ಮಾದಪ್ಪ ಕಾರ್ಯಪ್ಪನವರು 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಅದೇ ದಿನವನ್ನು ಇಂದಿಗೂ ಸೇನಾ ದಿನ ಅಂತ ಆಚರಿಸುತ್ತೇವೆ. ಇಷ್ಟು ನಮಗೆಲ್ಲ ಸ್ಕೂಲಿನಿಂದಲೇ ಗೊತ್ತು. ಅವರೂ ಈ ದೇಶದಲ್ಲಿ ವಿದ್ಯಾರ್ಥಿಯಾಗಿದ್ದರು, 1947ರಲ್ಲಿ ಲಂಡನ್ನಿನ ಇಂಪೀರಿಯಲ್ ಡಿಫೆನ್ಸ್ ಕಾಲೇಜಿನಲ್ಲಿ ಓದಿದ್ದರು ಅನ್ನೋದು ಅಷ್ಟಾಗಿ ಗೊತ್ತಿಲ್ಲ. 1953ರ ಜನವರಿಯಲ್ಲಿ ನಿವೃತ್ತರಾದ ಮೇಲೆ ಅವರು 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಭಾರತದ ಹೈಕಮಿಷನರ್ ಆಗಿದ್ದರು. ಆ ಮೂರು ವರ್ಷಗಳ ಬಗ್ಗೆ ನಾವು ಮಾತಾಡೋದೇ ಇಲ್ಲ.

ಆಗ ಅಲ್ಲಿ 'ವೈಟ್ ಆಸ್ಟ್ರೇಲಿಯಾ' ನೀತಿ ಜಾರಿಯಲ್ಲಿತ್ತು. 1901ರ ಕಾನೂನಿನ ಪ್ರಕಾರ, ಬೇಡವಾದವರಿಗೆ ಯುರೋಪಿನ ಯಾವುದೋ ಒಂದು ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡಬಹುದಿತ್ತು. ಭಾಷೆ ಯಾವುದು ಅಂತ ಆರಿಸುವವನು ಅಧಿಕಾರಿ. ಐಇಎಲ್‌ಟಿಎಸ್‌ಗೇ ಬೆವರಿದ ನಾವು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಕಾರ್ಯಪ್ಪನವರು ಈ ನೀತಿಯನ್ನು ಬಹಿರಂಗವಾಗಿಯೇ ಟೀಕಿಸಿದರು. ಆಸ್ಟ್ರೇಲಿಯಾ ಸರ್ಕಾರಕ್ಕೆ ಅದು ಇರಿಸುಮುರಿಸಾಯಿತು.

ಸೈನಿಕನಿಗೆ ರಾಜತಾಂತ್ರಿಕತೆ ಒಗ್ಗೋದಿಲ್ಲ, ಅತಿಥಿಯಾಗಿ ಹೋದವರು ಮನೆಯವರ ಕಾನೂನಿನ ಬಗ್ಗೆ ಮಾತಾಡಬಾರದಿತ್ತು ಅಂತ ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕಾರ್ಯಪ್ಪನವರಿಗೆ ನಾಲಿಗೆ ಹಿಡಿತ ಕಡಿಮೆಯೇ. ದಂಡನಾಯಕರಾಗಿದ್ದಾಗ ಪತ್ರಿಕಾಗೋಷ್ಠಿಗಳಲ್ಲಿ ಜಾಸ್ತಿ ಮಾತಾಡಬೇಡಿ ಅಂತ ನೆಹರೂ ಅವರೇ ಎಚ್ಚರಿಸಬೇಕಾಯಿತು. ಸೇವೆಯಲ್ಲಿರುವ ಸೇನಾಪತಿ ರಾಜಕೀಯ ಮಾತಾಡೋದು ನನಗೂ ಒಪ್ಪಿಗೆಯಿಲ್ಲ. ಆದರೆ ಆಸ್ಟ್ರೇಲಿಯಾದ ಮಾತೇ ಬೇರೆ. ಆ ಕಾನೂನು ಬಾಗಿಲಲ್ಲಿ ತಡೆಯುತ್ತಿದ್ದದ್ದು ಅವರು ಯಾರ ಪ್ರತಿನಿಧಿಯಾಗಿ ಹೋಗಿದ್ದರೋ ಅವರನ್ನೇ. ಹಾಗಾಗಿ ಅದು ಬರೀ 'ಅವರ ಮನೆ ವಿಷಯ' ಆಗಿರಲಿಲ್ಲ. ಅಲ್ಲಿ ಸುಮ್ಮನಿದ್ದಿದ್ದರೆ ಪಾರ್ಟಿಗಳಲ್ಲಿ ಒಳ್ಳೆಯ ಹೆಸರು ಬರುತ್ತಿತ್ತು, ಅಷ್ಟೇ.

ಅವರ ಒಬ್ಬರ ಮಾತಿನಿಂದ ಕಾನೂನು ಬದಲಾಯಿತು ಅಂತ ನಾನು ಹೇಳೋದಿಲ್ಲ. ಉಕ್ತಲೇಖನ ಪರೀಕ್ಷೆ ಹೋದದ್ದು 1958ರಲ್ಲಿ, ಆ ನೀತಿ ಪೂರ್ತಿ ಕೊನೆಯಾದದ್ದು 1973ರಲ್ಲಿ. ಆದರೂ ಹೇಳಬೇಕಾದಾಗ ಹೇಳಿದ್ದರು ಅನ್ನೋದು ಉಳಿಯಿತು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದ್ರೆ, ಇಲ್ಲಿಗೆ ಬಂದ ಹೊಸದರಲ್ಲಿ ನಾನು ರೂಮ್ ಹುಡುಕುವಾಗ ಒಬ್ಬರು ಆರು ತಿಂಗಳ ಬಾಡಿಗೆ ಮುಂಗಡ ಕೇಳಿದರು. ಅದೇ ಮನೆಯಲ್ಲಿದ್ದ ಇಲ್ಲಿನ ಸಹಪಾಠಿ ಕೊಟ್ಟದ್ದು ಒಂದೇ ತಿಂಗಳದ್ದು. ಯಾಕೆ ಹೀಗೆ ಅಂತಾದರೂ ಕೇಳಬೇಕಿತ್ತು. ನಾನು "ಓಕೆ, ನೋ ಪ್ರಾಬ್ಲಮ್" ಅಂದೆ. ಅಪ್ಪ ಊರಲ್ಲಿ ಸಾಲ ಮಾಡಿದರು. ಮರುವರ್ಷ ಅದೇ ರೂಮಿಗೆ ಬಂದ ನಮ್ಮ ಹುಡುಗಿಯೊಬ್ಬಳಿಗೂ ಆರು ತಿಂಗಳದ್ದೇ ಕೇಳಿದರು. ನನ್ನ ಮೌನದ ಬಿಲ್ ಅವಳು ಕಟ್ಟಿದಳು ಅಂತ ಆಮೇಲೆ ಅನ್ನಿಸಿತು.

ಮನೆಯಿಂದ ಹೊರಡುವಾಗ ಎಲ್ಲರೂ ಹೇಳಿ ಕಳಿಸುತ್ತಾರೆ: "ನೀವೇ ನಮ್ಮ ದೇಶದ ರಾಯಭಾರಿಗಳು." ನಾವು ಅದನ್ನು ತಗ್ಗಿ ಬಗ್ಗಿ ನಡೆಯೋದು ಅಂತಲೇ ಅರ್ಥ ಮಾಡಿಕೊಂಡಿದ್ದೇವೆ. ದೂರು ಕೊಡೋದೇ ಚಾಳಿಯಾಗಲಿ ಅಂತ ನಾನು ಹೇಳುತ್ತಿಲ್ಲ. ಕಾರ್ಯಪ್ಪನವರಲ್ಲೇ ಅದಕ್ಕೊಂದು ಅಳತೆಗೋಲು ಸಿಗುತ್ತದೆ. 1965ರ ಯುದ್ಧದಲ್ಲಿ ಅವರ ಮಗ ನಂದಾ ಕಾರ್ಯಪ್ಪ ಪಾಕಿಸ್ತಾನದಲ್ಲಿ ಸೆರೆಯಾದರು. ಒಂದು ಕಾಲದಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಅಲ್ಲಿನ ಅಧ್ಯಕ್ಷರು. ಮಗನನ್ನು ಬಿಟ್ಟುಕೊಡುತ್ತೇವೆ ಅಂತ ಬಂದ ಮಾತಿಗೆ ಅಪ್ಪ ಒಪ್ಪಲಿಲ್ಲ, ಬೇರೆ ಸೈನಿಕರಿಗಿಲ್ಲದ ರಿಯಾಯಿತಿ ನನ್ನ ಮಗನಿಗೂ ಬೇಡ ಅಂದರು.

ಎಲ್ಲರ ಪರವಾಗಿ ಕೇಳಲು ಹಿಂಜರಿಯದ ಮನುಷ್ಯ ತನ್ನ ಮಗನಿಗಾಗಿ ಏನೂ ಕೇಳಲಿಲ್ಲ. ಇಷ್ಟು ನೆನಪಿಟ್ಟುಕೊಂಡರೆ ಯಾವಾಗ ಬಾಯಿ ಬಿಡಬೇಕು ಅನ್ನೋದು ನಮಗೂ ತಿಳಿಯುತ್ತದೆ.

ಈ ವರ್ಷ ರೂಮ್ ಹುಡುಕುವ ಹೊಸಬರೇ, ಒಬ್ಬರೇ ಹೋಗಬೇಡಿ. ಸಂಘದವರನ್ನು ಕರೆಯಿರಿ, ನಾನೂ ಬರ್ತೀನಿ. ಈ ಸಲ "ಯಾಕೆ?" ಅಂತ ಕೇಳೋಣ.