ಅಳಿಲಿನ ಕುಳಿಯೂ ಇಲಿಯ ಕಣಜವೂ

ಅಳಿಲು ಹೂಳಿ ಮರೆತ ಬೀಜದಿಂದ ಅಡವಿ ಬೆಳೆಯುತ್ತದೆಂದು ಬಾಲ್ಯದಿಂದಲೂ ಓದುತ್ತ ಬಂದಿದ್ದೇವೆ. ಮಾತು ಸುಳ್ಳಲ್ಲ, ಆದರೆ ಅದು ಬಹುಮಟ್ಟಿಗೆ ಓಕ್ ಮರಗಳ ನಾಡಿನ ಮಾತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಎರೆಭೂಮಿಗೆ ಅದನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಉತ್ತರ ಅಮೆರಿಕದ ಬೂದು ಅಳಿಲಿನ ನಡತೆಯನ್ನು ಗಮನಿಸಿರಿ. ಬಿಳಿ ಓಕಿನ ಕಾಯಿ ನೆಲಕ್ಕೆ ಬಿದ್ದ ಕೆಲವೇ ದಿನಗಳಲ್ಲಿ ಮೊಳೆಯುತ್ತದೆ; ಆದ್ದರಿಂದ ಅಳಿಲು ಅದನ್ನು ಅಲ್ಲಿಯೇ ತಿನ್ನುವುದು ಹೆಚ್ಚು, ಹೂಳಿದರೂ ಅನೇಕ ವೇಳೆ ಅಂಕುರವನ್ನು ಹಲ್ಲಿನಿಂದ ಕಿತ್ತು ಹೂಳುತ್ತದೆ. ಕೆಂಪು ಓಕಿನ ಕಾಯಿ ವಸಂತದವರೆಗೆ ಮಲಗಿರುತ್ತದೆ. ಅದರಲ್ಲಿ ಕೊಬ್ಬೂ ಹೆಚ್ಚು, ಒಗರಿನ ಟ್ಯಾನಿನ್ನೂ ಹೆಚ್ಚು. ಇಂಥ ಕಾಯಿಗಳನ್ನು ಅಳಿಲು ಒಂದೊಂದಾಗಿ, ಮೇಲುಮಣ್ಣಿನಲ್ಲಿ, ದೂರದೂರಕ್ಕೆ ಹೂಳಿಡುತ್ತದೆ. ತಿನ್ನದೆ ಉಳಿದವು ಮರವಾಗುತ್ತವೆ. ಎಂದರೆ, ಬೀಜದ ಗುಣವೇ ಅಳಿಲಿನ ಕೈಯಿಂದ ಈ ಕೆಲಸ ಮಾಡಿಸುತ್ತದೆ.

ನಮ್ಮಲ್ಲಿ ನಡೆಯುವುದೇ ಬೇರೆ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಈ ಪ್ರಾಂತದ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದನು. ಹೊಲದ ‘ಕೋಕ್’ ಇಲಿಗೆ ಅವನು ‘ಮುಂದಾಲೋಚನೆಯುಳ್ಳದ್ದು’ ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟನು. ಒಂದೇ ಬಿಲವನ್ನು ಅಗೆದು ಒಡ್ಡರು ಕೆಲವೊಮ್ಮೆ ಅರ್ಧ ಸೇರು ಜೋಳ ತೆಗೆಯುತ್ತಿದ್ದರಂತೆ! ಜೋಳದ ಕಾಳಿಗೆ ಗಟ್ಟಿ ಚಿಪ್ಪಿಲ್ಲ. ಅದು ಚಿಕ್ಕದು, ಮೃದು, ರುಚಿಕರ. ಇಲಿ ಅದನ್ನು ಚದುರಿಸದೆ ಆಳದ ಒಂದೇ ಕಣಜದಲ್ಲಿ ಕೂಡಿಡುತ್ತದೆ. ಅಲ್ಲಿ ಮೊಳೆತರೂ ಸಸಿ ಮೇಲಕ್ಕೆ ಬರಲಾರದು. ‘ಮೆಟ್ಟಾಡೆ’ ಎಂಬ ಇನ್ನೊಂದು ಇಲಿ ಎರೆಯ ಬಿರುಕುಗಳಲ್ಲಿ ವಾಸಿಸುತ್ತದೆ. ಮುಂಗಾರು ಸುರಿದು ಬಿರುಕು ಮುಚ್ಚಿದಾಗ ಅಸಂಖ್ಯವಾಗಿ ಸಾಯುತ್ತದೆ. 1826ರಲ್ಲಿ ಆರಂಭದ ಮಳೆ ಕೈಕೊಟ್ಟಿತು. ಬಿತ್ತಿದ ಬೀಜವನ್ನು ಬಿತ್ತಿದ ಕೂಡಲೇ ತಿಂದು, ಉಳಿದು ಬೆಳೆದ ಜೋಳದ ದಂಟನ್ನೇರಿ ತೆನೆ ಕತ್ತರಿಸಿದ ಮೆಟ್ಟಾಡೆಗಳ ಹಾವಳಿಯನ್ನು ಎಲಿಯಟ್ ವರ್ಣಿಸಿದ್ದಾನೆ.

ಹೊಲದ ಮಾತು ಗುಡ್ಡಕ್ಕೇಕೆಂದು ವಾಚಕರು ಕೇಳಬಹುದು. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಯಿತು. ಬೋಳು ಇಳಿಜಾರುಗಳ ಮೇಲೆ ಬೀಜದುಂಡೆ ಎಸೆಯುವ ಉತ್ಸಾಹ ಈಚೆಗೆ ನಾಡಿನೆಲ್ಲೆಡೆ ಬೆಳೆದಿದೆ. ಎಸೆದ ಉಂಡೆಗಳ ಸಂಖ್ಯೆ ಪತ್ರಿಕೆಗಳಲ್ಲಿ ಬರುತ್ತದೆ. ಮೊಳೆತವುಗಳ ಸಂಖ್ಯೆ ಕಣ್ಣಿಗೆ ಬೀಳುವುದು ಅಪರೂಪ. ಬೇವಿನ ಬೀಜ ಕೆಲವು ವಾರಗಳಲ್ಲಿಯೇ ಜೀವ ಕಳೆದುಕೊಳ್ಳುತ್ತದೆ. ಬೋರೆಯ ಓಟೆ ಗಟ್ಟಿ, ಹುಣಸೆಯ ಸಿಪ್ಪೆಯೂ ಗಟ್ಟಿ. ಇವೆಲ್ಲವನ್ನೂ ಒಂದೇ ಕೆಮ್ಮಣ್ಣಿನಲ್ಲಿ ಉರುಟಿ ಎಸೆದರೆ ಇಲಿಗಳಿಗೆ ನಾವೇ ಬುತ್ತಿ ಕಟ್ಟಿಕೊಟ್ಟಂತೆ ಆಗಬಹುದು.

ಪರೀಕ್ಷಿಸುವುದು ಕಷ್ಟವೇನಲ್ಲ. ಓಕ್ ಕಾಡುಗಳಲ್ಲಿ ಸಂಶೋಧಕರು ಕಾಯಿಗೆ ತೆಳುತಂತಿಯಿಂದ ಅಂಕಿಯುಳ್ಳ ತಗಡಿನ ಚೂರನ್ನು ಕಟ್ಟಿ, ಅದು ಎಲ್ಲಿಗೆ ಹೋಯಿತೆಂದು ಹುಡುಕುತ್ತಾರೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಮುಂಡರಗಿಯ ಅಥವಾ ಶಿರಹಟ್ಟಿಯ ಯಾವ ಅಧ್ಯಾಪಕರಾದರೂ ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಬಹುದು. ಬೇವು, ಬೋರೆ, ಹುಣಸೆ ತಲಾ ನೂರು ಬೀಜ ಸಾಕು. ಮುಂದಿನ ಉಂಡೆ ಕಟ್ಟುವುದಕ್ಕೆ ಮೊದಲೇ ಇದಾಗಲಿ.