ಮಗುವಿನ ಇಸಬು: ಹೊಟ್ಟೆಯ ಪಾಲೆಷ್ಟು, ಚರ್ಮದ ಪಾಲೆಷ್ಟು?

ಮಗುವಿನ ಕೆನ್ನೆಯಲ್ಲಿ, ಮೊಣಕೈ ಮೊಣಕಾಲುಗಳ ಮಡಿಕೆಯಲ್ಲಿ ಇಸಬು ಕಾಣಿಸಿಕೊಂಡಿತೆಂದರೆ, 'ಹೊಟ್ಟೆ ಸರಿಯಿಲ್ಲ, ರಕ್ತ ಕೆಟ್ಟಿದೆ' ಎಂಬ ಮಾತು ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುತ್ತದೆ. ಅದರ ಬೆನ್ನಿಗೇ ಪಥ್ಯ ಆರಂಭವಾಗುತ್ತದೆ. ಹಾಲು ನಿಲ್ಲುತ್ತದೆ, ಶೇಂಗಾ ನಿಲ್ಲುತ್ತದೆ, ಗೋಧಿಯೂ ನಿಲ್ಲುತ್ತದೆ; ತುರಿಕೆ ಮಾತ್ರ ನಿಲ್ಲುವುದಿಲ್ಲ. ಶಾಕಾಹಾರಿಗಳಾದ ನಮಗೆ ಹಾಲು, ಬೇಳೆ, ಶೇಂಗಾಗಳೇ ಮಗುವಿನ ಬೆಳವಣಿಗೆಗೆ ಆಧಾರ. ಆದ್ದರಿಂದ ಈ ನಂಬಿಕೆಯಲ್ಲಿ ಸತ್ಯವೆಷ್ಟು ಎಂಬುದನ್ನು ವಿಚಾರ ಮಾಡುವುದು ಅವಶ್ಯ.

ಹೊಟ್ಟೆಗೂ ಚರ್ಮಕ್ಕೂ ನಂಟಿರುವುದು ಸುಳ್ಳಲ್ಲ. ಕರುಳಿನಲ್ಲಿ ನೆಲೆಸಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಶಿಶುವಿನ ರೋಗನಿರೋಧಕ ಶಕ್ತಿಗೆ ಶಿಕ್ಷಣ ನೀಡುತ್ತವೆ. 2001ರಲ್ಲಿ ಫಿನ್ಲೆಂಡಿನ ವೈದ್ಯರು ಗರ್ಭಿಣಿಯರಿಗೂ ಅನಂತರ ಶಿಶುಗಳಿಗೂ ಹಿತಕರ ಜೀವಾಣುಗಳನ್ನು ಕೊಟ್ಟು ನೋಡಿದರು. ಎರಡು ವರ್ಷ ತುಂಬುವಾಗ ಆ ಮಕ್ಕಳಲ್ಲಿ ಇಸಬು ಶೇಕಡಾ 23ರಷ್ಟಿದ್ದರೆ, ಕೊಡದವರಲ್ಲಿ ಶೇಕಡಾ 46ರಷ್ಟಿತ್ತು. ಆದರೆ ಮುಂದಿನ ಎಲ್ಲ ಪ್ರಯೋಗಗಳಲ್ಲಿ ಇಂತಹ ಫಲ ದೊರೆಯಲಿಲ್ಲ. ಈಗಾಗಲೇ ಬಂದ ಇಸಬಿಗೆ ಇಂತಹ ಜೀವಾಣುಗಳಿಂದ ಗುಣವಾಗುವುದೇ ಎಂದು 39 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2018ರ ಸಮೀಕ್ಷೆಯು, ಪ್ರಯೋಜನ ಅತ್ಯಲ್ಪ ಅಥವಾ ಇಲ್ಲವೇ ಇಲ್ಲವೆಂಬ ನಿರ್ಣಯಕ್ಕೆ ಬಂದಿತು.

ಹಾಗಾದರೆ ಮೂಲವೆಲ್ಲಿ? ಬಹಳಷ್ಟು ಮಕ್ಕಳಲ್ಲಿ ಚರ್ಮದಲ್ಲಿಯೇ. ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಕಡಿಮೆಯಿರುವವರಿಗೆ ಇಸಬು ಹೆಚ್ಚೆಂಬುದು 2006ರಲ್ಲಿ ತಿಳಿದುಬಂದಿತು. ಗಾರೆ ಉದುರಿದ ಗೋಡೆಯಂತೆ ಅಂತಹ ಚರ್ಮ ತೇವವನ್ನು ಕಳೆದುಕೊಳ್ಳುತ್ತದೆ. ಹೊರಗಿನ ಧೂಳು, ಆಹಾರದ ಕಣ ಒಳಹೊಗಲು ಎಡೆ ಮಾಡಿಕೊಡುತ್ತದೆ. ಹೀಗೆ ಚರ್ಮದ ಮೂಲಕ ಒಳಬಂದ ಆಹಾರವನ್ನು ದೇಹ ಶತ್ರುವೆಂದು ಭಾವಿಸುವ ಸಂಭವವುಂಟು. ಬಾಯಿಯ ಮೂಲಕ ಬಂದುದನ್ನು ಮಿತ್ರನೆಂದು ಅರಿಯುತ್ತದೆ.

2015ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗವೊಂದು ಇದಕ್ಕೆ ನಿದರ್ಶನ. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಶೇಂಗಾ ತಿನ್ನಿಸಿ, ಉಳಿದವರಿಗೆ ವರ್ಜಿಸಲಾಯಿತು. ಐದನೆಯ ವಯಸ್ಸಿಗೆ, ವರ್ಜಿಸಿದವರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಶೇಂಗಾ ಅಲರ್ಜಿ ಬಂದಿತ್ತು. ತಿಂದವರಲ್ಲಿ ಸುಮಾರು 3 ಮಕ್ಕಳಿಗೆ ಮಾತ್ರ. ಕಾಪಾಡಲೆಂದು ಹಿಡಿದ ಪಥ್ಯವೇ ಅಪಾಯವನ್ನು ಹೆಚ್ಚಿಸಿತ್ತು.

ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ. ಆಹಾರ ತಿಂದ ಎರಡು ಗಂಟೆಯೊಳಗೆ ಪಿತ್ತಗಂಧೆ, ತುಟಿಯ ಬಾವು, ವಾಂತಿ ಕಾಣಿಸಿದರೆ ಅದು ಅಲರ್ಜಿಯಿರಬಹುದು. ಆ ಆಹಾರವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಉಸಿರಾಟಕ್ಕೆ ಕಷ್ಟವಾದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇಂತಹ ಲಕ್ಷಣಗಳಿಲ್ಲದಿದ್ದರೆ ಊಹೆಯಿಂದ ಊಟ ಬಿಡಿಸಬೇಡಿರಿ. ತೀವ್ರ ಇಸಬಿರುವ ಶಿಶುವಿಗೆ ಮೊದಲ ಸಲ ಶೇಂಗಾ ಕೊಡುವ ಮುನ್ನ ವೈದ್ಯರನ್ನು ಕೇಳಿರಿ. ಗಂಟಲಲ್ಲಿ ಸಿಕ್ಕೀತೆಂಬ ಕಾರಣಕ್ಕೆ ಇಡೀ ಕಾಳು ಸಲ್ಲದು. ನುಣ್ಣಗೆ ಅರೆದು, ತೆಳುವಾಗಿಸಿ ಕೊಡಬೇಕು.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಸೀಗೆಪುಡಿ, ಕಡಲೆಹಿಟ್ಟು ತಿಕ್ಕುವುದು ಬೇಡ. ಮೈ ಒರೆಸಿದೊಡನೆ ವ್ಯಾಸಲೀನನ್ನಾಗಲಿ, ವೈದ್ಯರು ಹೇಳಿದ ತೇವರಕ್ಷಕ ಮುಲಾಮನ್ನಾಗಲಿ ಧಾರಾಳವಾಗಿ ಸವರಿರಿ. ಸ್ಟಿರಾಯ್ಡ್ ಮುಲಾಮನ್ನು ವೈದ್ಯರು ಬರೆದುಕೊಟ್ಟರೆ ಅಂಜದೆ ಹೇಳಿದಷ್ಟು ದಿನ ಹಚ್ಚಿರಿ. ಅಂಗಡಿಯವರು ಕೊಟ್ಟಿದ್ದನ್ನು ಹಚ್ಚಬೇಡಿರಿ.

ಮಗುವಿನ ಚರ್ಮಕ್ಕೆ ಆರೈಕೆ ದೊರೆಯಲಿ. ಅದರ ತಟ್ಟೆ ಬರಿದಾಗದಿರಲಿ.